ಟೆಲಿಸ್ಕೋಪ್ ಇಲ್ಲ ಅನ್ನೋದು ನೆಪ
ಜಗಳೂರಲ್ಲಿ ಕರೆಂಟ್ ಹೋದ ರಾತ್ರಿ ಮಾಳಿಗೆ ಮೇಲೆ ಮಲಗಿದೋರಿಗೆ ಗೊತ್ತು, ಎಷ್ಟು ನಕ್ಷತ್ರ ಕಾಣ್ತವೆ ಅಂತ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯ ಗೆಳೆಯರೂ ಇದನ್ನೇ ಹೇಳ್ತಾರೆ. ಆದ್ರೆ ಎಂಜಿನಿಯರಿಂಗ್ ಸೇರಿದ ಮೇಲೆ "ಖಗೋಳ ವಿಜ್ಞಾನಕ್ಕೆ ದೊಡ್ಡ ಟೆಲಿಸ್ಕೋಪ್ ಬೇಕು, ನಮ್ಮ ಕೈಲಾಗಲ್ಲ" ಅಂತ ಸುಮ್ಮನಾಗ್ತೀವಿ. ನಾನಿದನ್ನು ಒಪ್ಪಲ್ಲ.

ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ಚಂದ್ರ ದೂರದರ್ಶಕವನ್ನು ನಡೆಸೋದು ನಮ್ಮ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ. ನಮ್ಮ ಆಸ್ಟ್ರೋಸ್ಯಾಟ್ 930 ಕೋಟಿ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿಯ ನೇರಳಾತೀತ ಬೆಳಕು ಹಿಡಿದ ಸುದ್ದಿ 2020ರಲ್ಲಿ ಪ್ರಕಟವಾಯ್ತು. ಇವತ್ತು ಟೆಲಿಸ್ಕೋಪ್ ಪಕ್ಕದಲ್ಲೇ ಕೂರಬೇಕಾಗಿಲ್ಲ.

ಬೇರೆ ನಕ್ಷತ್ರಗಳ ಗ್ರಹ ಹುಡುಕುವ ನಾಸಾದ ಟೆಸ್ ಉಪಗ್ರಹದ ದತ್ತಾಂಶ ಎಲ್ಲರಿಗೂ ಉಚಿತ. ಗುರುವಿನಷ್ಟು ದೊಡ್ಡ ಗ್ರಹ ಸೂರ್ಯನಂಥ ನಕ್ಷತ್ರದ ಮುಂದೆ ಹಾದುಹೋದ್ರೆ ಬೆಳಕು ಸುಮಾರು ಶೇ. 1ರಷ್ಟು ತಗ್ಗುತ್ತೆ; ಭೂಮಿಯಷ್ಟಿದ್ರೆ ಶೇ. 0.01ಕ್ಕೂ ಕಡಿಮೆ. ಆ ಸಣ್ಣ ತಗ್ಗನ್ನು ನಾಯ್ಸ್‌ನಿಂದ ಬೇರ್ಪಡಿಸೋದು ನಾವು ಓದೋ ಸಿಗ್ನಲ್ ಪ್ರೊಸೆಸಿಂಗೇ ಅಲ್ವಾ? ಒಂದು ಲ್ಯಾಪ್‌ಟಾಪ್, ಸ್ವಲ್ಪ ಪೈಥಾನ್ ಇದ್ರೆ ಶುರು ಮಾಡಬಹುದು.

ಫೈನಲ್ ಇಯರ್ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ತರೋ ಬದಲು ಇದನ್ನ ಮಾಡಿ ನೋಡಿ. ಗ್ರಹ ಸಿಗದಿದ್ರೂ ಪರವಾಗಿಲ್ಲ, ವೈವಾದಲ್ಲಿ ಯಾರು ಏನೇ ಕೇಳಿದ್ರೂ ನಿಮ್ಮದೇ ಉತ್ತರ ಇರುತ್ತೆ.