ಮೊದಲ ವರ್ಷಕ್ಕೇ ‘ವೀಕ್ ಬ್ಯಾಚ್’ ಅನ್ನಬ್ಯಾಡ್ರಿ

ಶಾಲಾ ಕ್ರೀಡಾಕೂಟದ ಟೈಮ್ ಬಂತಂದ್ರೆ ನಮ್ಮ ಚಿದ್ರಿಯ ಚಹಾ ಅಂಗಡಿಯಲ್ಲಿ ಒಂದು ಮಾತು ತಪ್ಪದೇ ಕೇಳುತ್ತದೆ: “ಈ ಸಲದ ಬ್ಯಾಚ್ ಭಾಳ ವೀಕ್ ಅದ ನೋಡ್ರಿ.” ಹುಡುಗರು ಸೋತಿದ್ದು ಒಂದೆರಡು ಮ್ಯಾಚ್ ಅಷ್ಟೇ. ಆ ಮಾತು ಕೇಳಿದಾಗೆಲ್ಲ ನನಗೆ 2008ರ ಆರ್‌ಸಿಬಿ ನೆನಪಾಗುತ್ತದೆ.

2008ರ ಫೆಬ್ರುವರಿ 20ರಂದು ಮುಂಬೈಯಲ್ಲಿ ಐಪಿಎಲ್‌ನ ಮೊದಲ ಹರಾಜು ನಡೆಯಿತು. ಬೆಂಗಳೂರಿಗೆ ರಾಹುಲ್ ದ್ರಾವಿಡ್ ನಾಯಕ. ಜೊತೆಗೆ ಕುಂಬ್ಳೆ, ಕಾಲಿಸ್, ಬೌಷರ್, ವಾಸಿಂ ಜಾಫರ್, ಚಂದ್ರಪಾಲ್. “ಇದು ಟೆಸ್ಟ್ ಟೀಮ್” ಅಂತ ಜನ ನಕ್ಕರು. ಏಪ್ರಿಲ್ 18ರ ಮೊದಲ ಪಂದ್ಯದಲ್ಲಿ ಕೋಲ್ಕತ್ತದ ಮೆಕಲಮ್ ಒಬ್ಬರೇ 158 ರನ್ ಹೊಡೆದರು. ನಮ್ಮ ಇಡೀ ತಂಡ 82ಕ್ಕೆ ಆಲೌಟ್. ಸೀಸನ್ ಮುಗಿದಾಗ 14 ಪಂದ್ಯಗಳಲ್ಲಿ ಗೆದ್ದಿದ್ದು 4, ಎಂಟು ತಂಡಗಳಲ್ಲಿ ಏಳನೇ ಸ್ಥಾನ.

ಹರಾಜಿನ ನಂತರ ಇನ್ನೊಂದು ಸಣ್ಣ ಆಯ್ಕೆಯೂ ನಡೆದಿತ್ತು. 19 ವರ್ಷದೊಳಗಿನವರ ಡ್ರಾಫ್ಟ್ ಅದು. ಅಲ್ಲಿ ಬೋಲಿ ಇಲ್ಲ, ದರ ಮೊದಲೇ ಗೊತ್ತು, ತಂಡಗಳು ಸರದಿ ಪ್ರಕಾರ ಹುಡುಗರನ್ನು ಆರಿಸಬೇಕು. ದೆಹಲಿ ತಂಡ ತನ್ನ ಊರಿನ ವಿರಾಟ್ ಕೊಹ್ಲಿಯನ್ನು ಬಿಟ್ಟು, ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್‌ರನ್ನು ಆರಿಸಿತು. ಕೊಹ್ಲಿ ಬೆಂಗಳೂರಿಗೆ ಬಂದರು. ಆ ಸೀಸನ್ನಿನಲ್ಲಿ ಅವರು ಹೊಡೆದಿದ್ದು 165 ರನ್, ಒಂದು ಅರ್ಧಶತಕವೂ ಇಲ್ಲ. ಆ ವರ್ಷ 19ರೊಳಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ನಮ್ಮ ತಂಡಕ್ಕೇ ಬಂತು, ಆದರೆ ಅದನ್ನು ಪಡೆದವರು ಶ್ರೀವತ್ಸ ಗೋಸ್ವಾಮಿ.

ಅಂದು ಆ ಬ್ಯಾಚಿಗೆ ಮಾರ್ಕ್ಸ್ ಹಾಕಿದ್ದರೆ ಫೇಲ್ ಅಂತಲೇ ಬರೆಯಬೇಕಿತ್ತು. ಒಂದೇ ವರ್ಷ ಕಾದು ನೋಡಿ. 2009ರ ಫೈನಲ್‌ಗೆ ಬಂದ ಎರಡು ತಂಡ ಯಾವುವು? ಹಿಂದಿನ ವರ್ಷ ಏಳನೇ ಸ್ಥಾನದ ಬೆಂಗಳೂರು, ಎಂಟನೇ ಸ್ಥಾನದ ಡೆಕ್ಕನ್ ಚಾರ್ಜರ್ಸ್. ನಮ್ಮ ಬೀದರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ, ಹಾಗಾಗಿ ಎರಡೂ ನಮ್ಮವೇ ಅನ್ನಬಹುದು! ಕುಂಬ್ಳೆ 16 ರನ್ನಿಗೆ 4 ವಿಕೆಟ್ ಕಿತ್ತರೂ ನಾವು 6 ರನ್ನಿನಿಂದ ಸೋತೆವು.

ಬದಲಾವಣೆ ಆಗಲಿಲ್ಲ ಅಂತ ಅಲ್ಲ. ಪೀಟರ್ಸನ್ ಬಂದರು, ನಡುವೆ ಕುಂಬ್ಳೆ ನಾಯಕರಾದರು. ಆದರೆ ದ್ರಾವಿಡ್, ಕಾಲಿಸ್, ಬೌಷರ್, ಪ್ರವೀಣ್ ಕುಮಾರ್, ಕೊಹ್ಲಿ ಹಳಬರೇ. ಕೊಹ್ಲಿ 2016ರಲ್ಲಿ ಒಂದೇ ಸೀಸನ್ನಿನಲ್ಲಿ 973 ರನ್ ಹೊಡೆದರು. 2025ರ ಜೂನ್ 3ರಂದು ಕಪ್ ಬಂದಾಗಲೂ ತಂಡದಲ್ಲಿದ್ದರು. ಗೆಲುವಿನ ಅಂತರ ಮತ್ತೆ ಅದೇ 6 ರನ್.

ಬಿಟ್ಟ ಹುಡುಗರೆಲ್ಲ ಕೊಹ್ಲಿ ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಯಾರು ಆಗುತ್ತಾರೆ ಅಂತ ಮೊದಲ ವರ್ಷಕ್ಕೇ ಹೇಳಲು ದೊಡ್ಡ ದೊಡ್ಡ ಕೋಚ್‌ಗಳಿಗೂ ಆಗಲಿಲ್ಲ. ಹಂಗಿದ್ದಾಗ ಭಾಲ್ಕಿ, ಔರಾದ್, ಬೀದರಿನ ಮೈದಾನದಲ್ಲಿ ಅರ್ಧ ಗಂಟೆ ನೋಡಿ ನಾವು ಹೇಗೆ ಹೇಳುತ್ತೇವೆ?

ನಮ್ಮ ಓಣಿಯ ಎಡಗೈ ಬೌಲರ್ ಹುಡುಗನೊಬ್ಬ ಎರಡು ವರ್ಷದ ಹಿಂದೆ ಆಯ್ಕೆಯಾಗಲಿಲ್ಲ. ಯಾಕೆ ಅಂತ ಯಾರೂ ಹೇಳಲಿಲ್ಲ. ಮತ್ತೆ ಬಾ ಅಂತಲೂ ಅನ್ನಲಿಲ್ಲ. ಈಗ ಅವನು ಮೈದಾನಕ್ಕೇ ಬರುವುದಿಲ್ಲ.

ಆಯ್ಕೆ ಮಾಡುವ ಸರ್‌ಗಳಲ್ಲಿ ನನ್ನ ಕೇಳಿಕೆ ಎರಡೇ. ಬಿಟ್ಟ ಮಕ್ಕಳಿಗೆ ಯಾಕೆ ಬಿಟ್ಟಿರಿ ಅಂತ ಹೇಳಿ. ಅವರ ಹೆಸರು ಬರೆದಿಟ್ಟುಕೊಂಡು ಮುಂದಿನ ವರ್ಷ ಮತ್ತೆ ಕರೆಯಿರಿ. ಇದಕ್ಕೆ ರೊಕ್ಕ ಬೇಕಿಲ್ಲ, ಒಂದು ನೋಟ್‌ಬುಕ್ ಸಾಕು.