ಶಫಲ್ ಆದ ಪುಸ್ತಕ

ಕಥಾಸಂಕಲನ ಕೈಗೆತ್ತಿಕೊಂಡರೆ ಯಾವ ಕತೆ ಚೆನ್ನಾಗಿದೆ ಅಂತ ನೋಡ್ತೀವೇ ಹೊರತು, ಯಾವುದಾದಮೇಲೆ ಯಾವುದು ಬಂತು ಅಂತ ಗಮನಿಸೋದು ಕಮ್ಮಿ. ರಷ್ಯಾದ ವರ್ಲಾಮ್ ಶಲಾಮೊವ್‌ಗೆ ಮಾತ್ರ ಆ ಕ್ರಮವೂ ಕತೆಯಷ್ಟೇ ಮುಖ್ಯವಾಗಿತ್ತು.

1937ರಲ್ಲಿ ಸ್ಟಾಲಿನ್ ಸರ್ಕಾರ ಅವರನ್ನು ಬಂಧಿಸಿ, ಸೋವಿಯತ್ ಒಕ್ಕೂಟದ ಈಶಾನ್ಯ ಮೂಲೆಯ ಕೊಲಿಮಾಗೆ ಕಳಿಸಿತು. ಚಿನ್ನದ ಗಣಿ, ಅರೆಹೊಟ್ಟೆ, ಮೈ ಕೊರೆಯುವ ಚಳಿ. ಅಲ್ಲಿಂದ ಹೊರಟದ್ದು 1953ರಲ್ಲಿ. ಮರುವರ್ಷದಿಂದ ಬರೆಯೋಕೆ ಶುರು ಮಾಡಿ, ಸುಮಾರು 20 ವರ್ಷ ಬರೆದರು. ಆರು ಗುಚ್ಛಗಳು, ನೂರಕ್ಕೂ ಹೆಚ್ಚು ಕತೆಗಳು. ಗೋಳಾಟ ಇಲ್ಲ, ಉಪದೇಶ ಇಲ್ಲ.

ಅವರ ಕವನ ಸಂಕಲನಗಳು ಮಾಸ್ಕೋದಲ್ಲಿ ಅಚ್ಚಾದವು. ಕೊಲಿಮಾದ ಕತೆಗಳಿಗೆ ಮಾತ್ರ ಬಾಗಿಲು ಮುಚ್ಚಿತ್ತು. ಅವು ಟೈಪ್‌ರೈಟರ್‌ನಲ್ಲಿ ನಕಲಾಗಿ, ಗುಟ್ಟಾಗಿ ಕೈಯಿಂದ ಕೈಗೆ ಓಡಾಡಿದವು.

1966ರಲ್ಲಿ ಅಮೆರಿಕದ ಪ್ರಾಧ್ಯಾಪಕ ಕ್ಲಾರೆನ್ಸ್ ಬ್ರೌನ್ ಹಸ್ತಪ್ರತಿಯನ್ನು ದೇಶದಿಂದಾಚೆ ಒಯ್ದರು. ನ್ಯೂಯಾರ್ಕ್‌ನ ರಷ್ಯನ್ ಪತ್ರಿಕೆ 'ನೋವಿ ಝುರ್ನಾಲ್' ಅದನ್ನು ಇಡಿಯಾಗಿ ತರಲಿಲ್ಲ. ಹತ್ತು ವರ್ಷದುದ್ದಕ್ಕೂ ಸಂಚಿಕೆಗೆ ಇಷ್ಟಿಷ್ಟು ಅಂತ ಹಂಚಿತು, ಅಲ್ಲಲ್ಲಿ ತಿದ್ದಿತು. ಲೇಖಕರ ಒಪ್ಪಿಗೆಯೂ ಇರಲಿಲ್ಲ. 1967ರಲ್ಲಿ ಜರ್ಮನ್ ಅನುವಾದ ಬಂತು. ಅದರಲ್ಲಿ ಅವರ ಹೆಸರೇ ತಪ್ಪು! ಯಾರೋ ನಿಮ್ಮ ಪ್ಲೇಲಿಸ್ಟನ್ನು ಶಫಲ್ ಮಾಡಿ, ಹಾಡುಗಳನ್ನೂ ಕತ್ತರಿಸಿ ಊರಿಗೆಲ್ಲ ಕೇಳಿಸಿದ ಹಾಗೆ.

1972ರ ಫೆಬ್ರವರಿಯಲ್ಲಿ ಶಲಾಮೊವ್ 'ಲಿಟರತೂರ್ನಾಯ ಗಜೆಟಾ'ಗೆ ಪತ್ರ ಬರೆದು, ವಿದೇಶದ ಈ ಪ್ರಕಟಣೆಗಳನ್ನು ಖಂಡಿಸಿದರು. ಆ ಕತೆಗಳ ವಿಷಯಕ್ಕೆ ಈಗ ಕಾಲ ಮುಗಿದಿದೆ ಎಂಬರ್ಥದ ಮಾತೂ ಅದರಲ್ಲಿತ್ತು. ಮೆಚ್ಚಿದ್ದವರೇ ಮುಖ ತಿರುಗಿಸಿದರು, ಶರಣಾದ ಅಂದರು. ಆಮೇಲೂ ಅವರು ಕೊಲಿಮಾದ ಕತೆ ಬರೆಯೋದನ್ನು ತಕ್ಷಣ ಬಿಡಲಿಲ್ಲ. ನನಗನ್ನಿಸೋದು, ಸರ್ಕಾರದ ಭಯ ಎಷ್ಟು ನಿಜವೋ, ತನ್ನ ಪುಸ್ತಕ ಚೂರುಚೂರಾದ ಸಿಟ್ಟೂ ಅಷ್ಟೇ ನಿಜ. ಒಳಗಿನವರು ಬಾಯಿ ಮುಚ್ಚಿಸಿದರು, ಹೊರಗಿನವರು ಕೇಳದೆ ಬಾಯಿ ತೆರೆಸಿದರು. ಎರಡೂ ಕಡೆ ಲೇಖಕರನ್ನು ಒಂದು ಮಾತು ಕೇಳಿದವರಿಲ್ಲ.

1978ರಲ್ಲಿ ಲಂಡನ್‌ನಲ್ಲಿ ಮಿಖಾಯಿಲ್ ಗೆಲ್ಲರ್ ಸಂಪಾದಿಸಿದ ದಪ್ಪ ರಷ್ಯನ್ ಸಂಪುಟ ಬಂತು. 1980ರಲ್ಲಿ ಜಾನ್ ಗ್ಲಾಡ್ ಆಯ್ದ ಕತೆಗಳನ್ನು ಇಂಗ್ಲಿಷಿಗೆ ತಂದರು. ಅಷ್ಟರಲ್ಲಿ ಶಲಾಮೊವ್ ವೃದ್ಧಾಶ್ರಮದಲ್ಲಿದ್ದರು, ಕಣ್ಣು ಕಿವಿ ಎರಡೂ ಸೋತಿದ್ದವು. 1982ರ ಜನವರಿ 17ರಂದು ತೀರಿಕೊಂಡರು. ಅವರದೇ ದೇಶದಲ್ಲಿ ಈ ಕತೆಗಳು ಬಹಿರಂಗವಾಗಿ ಅಚ್ಚಾದದ್ದು ಆ ದಶಕದ ಕೊನೆಗೆ, ಗೊರ್ಬಚೇವ್ ಕಾಲದಲ್ಲಿ.

ಈಗ ಡೊನಾಲ್ಡ್ ರೇಫೀಲ್ಡ್ ಇಂಗ್ಲಿಷಿನಲ್ಲಿ ಆರೂ ಗುಚ್ಛಗಳನ್ನು ಎರಡು ಸಂಪುಟ ಮಾಡಿ ತಂದಿದ್ದಾರೆ, 2018 ಮತ್ತು 2020ರಲ್ಲಿ. ಕತೆಗಳು ಚಿಕ್ಕವು, ಮೆಟ್ರೋದಲ್ಲಿ ಒಂದೊಂದು ಮುಗಿಯುತ್ತೆ. ಓದಿದರೆ ಒಂದೇ ವಿನಂತಿ: ಮಧ್ಯದಿಂದ ಹಾರಬೇಡಿ, ಮೊದಲ ಪುಟದಿಂದ ಶುರು ಮಾಡಿ. ಅವರಿಗೆ ಬದುಕಿರುವಾಗ ಸಿಗದ ಮರ್ಯಾದೆ ಅದು.