ಕ್ಲಬ್ಬಿನ ಲೆಕ್ಕದಲ್ಲಿ ಅಭಿಮಾನಿಗೂ ಒಂದು ಪಾಲಿರಲಿ

2025ರ ಆಗಸ್ಟ್ 4ರಂದು ಜೆಎಸ್‌ಡಬ್ಲ್ಯೂ ಒಡೆತನದ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಅವಧಿಗೆ ತಡೆಹಿಡಿದಿರುವುದಾಗಿ ಪ್ರಕಟಿಸಿತು. ಕಿರಿಯರ ತಂಡಗಳಿಗೆ, ಮಕ್ಕಳ ಫುಟ್‌ಬಾಲ್ ಶಾಲೆಗಳಿಗೆ ಇದು ತಟ್ಟುವುದಿಲ್ಲ ಎಂದೂ ಹೇಳಿತು. ಕಂಠೀರವ ಕ್ರೀಡಾಂಗಣದ ವೆಸ್ಟ್ ಬ್ಲಾಕ್‌ನಲ್ಲಿ ಅಕ್ಕಪಕ್ಕ ನಿಂತು ಒಂದೇ ದನಿಯಲ್ಲಿ ಕೂಗುವ ನಾವು ಆ ವಾರ ಎರಡು ಪಾರ್ಟಿ ಆಗಿಹೋದೆವು. ದಾಸರಹಳ್ಳಿಯ ದರ್ಶಿನಿಯೊಂದರ ಮುಂದೆ ಕಾಫಿ ಲೋಟ ಹಿಡಿದು ನಿಂತಿದ್ದಾಗ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವ ಹುಡುಗ, "ಅಕ್ಕ, ಜೆಎಸ್‌ಡಬ್ಲ್ಯೂನವರು ಹನ್ನೆರಡು ವರ್ಷ ಕೈಯಿಂದ ದುಡ್ಡು ಹಾಕಿದಾರೆ. ಲೀಗೇ ನಡೆಯಲ್ಲ ಅಂದ್ರೆ ಯಾವ ಧೈರ್ಯದ ಮೇಲೆ ಹಾಕ್ಬೇಕು?" ಅಂದ. ಪೀಣ್ಯದಲ್ಲಿ ಸಿಎನ್‌ಸಿ ಮೆಷಿನ್ ನೋಡಿಕೊಳ್ಳುವವನಿಗೆ ರೇಗಿತು. "ಸಂಬಳ ನಿಂತ್ರೆ ಮನೇಲಿ ಏನಾಗುತ್ತೆ ಅಂತ ಗೊತ್ತಾ ನಿಂಗೆ? ಅಲ್ಲಿರೋರೆಲ್ಲ ಸುನಿಲ್ ಛೆಟ್ರಿ ಅಲ್ಲ ಗುರು. ಜೆರ್ಸಿ ಒಗೆಯೋನೂ ಬಾಡಿಗೆ ಕಟ್ಟಬೇಕು."

ಇಬ್ಬರ ಮಾತಿನಲ್ಲೂ ಹುರುಳಿತ್ತು. ಆದರೆ ಕ್ಲಬ್ಬಿಗೆ ವರ್ಷಕ್ಕೆ ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ, ನಷ್ಟವನ್ನು ಮಾಲೀಕರು ಬಂಡವಾಳವಾಗಿ ತುಂಬುತ್ತಿದ್ದಾರೋ ಸಾಲವೆಂದು ಬರೆದಿಡುತ್ತಿದ್ದಾರೋ ಎಂದು ಹೇಳಬಲ್ಲವರು ಆ ಗುಂಪಿನಲ್ಲಿ ಒಬ್ಬರೂ ಇರಲಿಲ್ಲ. ಪೀಣ್ಯದ ಸಣ್ಣ ಕಾರ್ಖಾನೆಗಳಿಗೆ ಲೆಕ್ಕ ಬರೆದುಕೊಡುವುದು ನನ್ನ ಕೆಲಸ. ಸಾಲವಾದರೆ ಮಾಲೀಕ ಹೊರಟ ದಿನ ಅದನ್ನು ಯಾರಾದರೂ ತೀರಿಸಬೇಕು. ಬಂಡವಾಳವಾದರೆ ಅವರು ಕಳೆದುಕೊಂಡದ್ದು ಅವರದು. ಕ್ಲಬ್ಬಿನ ಹಣೆಬರಹ ನಿಂತಿರುವುದು ಈ ವ್ಯತ್ಯಾಸದ ಮೇಲೆ. ಅದು ಗೊತ್ತಿಲ್ಲದೆ ನಾವು ಒಬ್ಬರಿಗೊಬ್ಬರು ಕೃತಘ್ನ ಎಂದೋ ಗುಲಾಮ ಎಂದೋ ಬೈದುಕೊಂಡೆವು.

ಸಂಬಳ ನಿಲ್ಲುವ ಸ್ಥಿತಿಗೆ ಬಂದದ್ದು ಹೇಗೆ? 2010ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ತನ್ನ ವಾಣಿಜ್ಯ ಹಕ್ಕುಗಳನ್ನು ಹದಿನೈದು ವರ್ಷಕ್ಕೆ ಐಎಂಜಿ-ರಿಲಯನ್ಸ್‌ಗೆ ಬಿಟ್ಟುಕೊಟ್ಟಿತು. ಮುಂದೆ ಅದೇ ಬಳಗದ ಎಫ್‌ಎಸ್‌ಡಿಎಲ್ ಕಂಪನಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನಡೆಸುತ್ತ ಫೆಡರೇಷನ್ನಿಗೆ ವರ್ಷಕ್ಕೆ 50 ಕೋಟಿ ರೂಪಾಯಿ ಕೊಡುತ್ತಿತ್ತು. ಒಪ್ಪಂದ ಮುಗಿಯುವುದು 2025ರ ಡಿಸೆಂಬರ್‌ನಲ್ಲಿ ಎನ್ನುವುದು ಮೊದಲ ದಿನದಿಂದ ಎಲ್ಲರಿಗೂ ಗೊತ್ತಿತ್ತು. ಫೆಡರೇಷನ್ನಿನ ಸಂವಿಧಾನದ ವ್ಯಾಜ್ಯ ಸುಪ್ರೀಂ ಕೋರ್ಟ್‌ನಲ್ಲಿತ್ತು. ಅದು ಇತ್ಯರ್ಥವಾಗದೆ ಹೊಸ ಒಪ್ಪಂದ ಮಾಡಿಕೊಳ್ಳುವಂತಿರಲಿಲ್ಲ. ಜುಲೈನಲ್ಲಿ ಎಫ್‌ಎಸ್‌ಡಿಎಲ್ ಲೀಗನ್ನು ತಡೆಹಿಡಿಯಿತು. ಮೂರೇ ವಾರದಲ್ಲಿ ನಮ್ಮ ಕ್ಲಬ್ಬಿನ ಸಂಬಳ ನಿಂತಿತು.

ಪೀಣ್ಯದಲ್ಲಿ ಇಂಥದ್ದನ್ನು ನಾನು ನೋಡುತ್ತಲೇ ಇರುತ್ತೇನೆ. ಒಂದೇ ದೊಡ್ಡ ಕಂಪನಿಯ ಡ್ರಾಯಿಂಗ್ ನಂಬಿಕೊಂಡು, ಎರಡು ಲೇತ್ ಹಾಕಿಕೊಂಡು ಜಾಬ್ ವರ್ಕ್ ಮಾಡುವ ಶೆಡ್ಡುಗಳಿವೆ. ಪುಸ್ತಕ ತೆರೆದರೆ ಬರಬೇಕಾದ ಬಾಕಿಯ ಪಟ್ಟಿಯಲ್ಲಿ ಒಂದೇ ಹೆಸರು. ಆರ್ಡರ್ ಇರುವ ತನಕ ಓವರ್‌ಟೈಮ್, ಆಯುಧಪೂಜೆಗೆ ಬೋನಸ್. ಆ ಕಂಪನಿ ಒಂದು ತಿಂಗಳು ಪರ್ಚೇಸ್ ಆರ್ಡರ್ ಕಳಿಸದಿದ್ದರೆ ಲೇತ್ ನಿಲ್ಲುತ್ತದೆ. ಬೆಸ್ಕಾಂ ಬಿಲ್ಲಿನ ನಿಗದಿತ ಶುಲ್ಕ ಮಾತ್ರ ನಿಲ್ಲುವುದಿಲ್ಲ. ಐಎಸ್‌ಎಲ್ ಕ್ಲಬ್ಬುಗಳೆಲ್ಲ ಒಂದೇ ಗಿರಾಕಿಯ ಶೆಡ್ಡುಗಳಾಗಿದ್ದವು. ಪ್ರಾಯೋಜಕರ ಹಣ, ಟಿವಿ ಹಣದ ಪಾಲು, ಟಿಕೆಟ್ ದುಡ್ಡು, ಜೆರ್ಸಿ ಮಾರಾಟ ಎಲ್ಲವೂ ಲೀಗ್ ನಡೆದರಷ್ಟೇ ಬರುವಂಥದ್ದು.

ಆಮೇಲಿನದನ್ನು ಓದುಗರು ಬಲ್ಲರು. ಸೆಪ್ಟೆಂಬರ್ 19ಕ್ಕೆ ಸುಪ್ರೀಂ ಕೋರ್ಟ್‌ನ ತೀರ್ಪು ಬಂತು. ಲೀಗ್ ನಡೆಸಲು ಕರೆದ ಟೆಂಡರಿಗೆ ನವೆಂಬರ್ ಗಡುವಿನೊಳಗೆ ಒಂದು ಬಿಡ್ಡೂ ಬರಲಿಲ್ಲ. ಡಿಸೆಂಬರ್‌ನಲ್ಲಿ ಸಿಟಿ ಫುಟ್‌ಬಾಲ್ ಗ್ರೂಪ್ ಮುಂಬೈ ಸಿಟಿ ಕ್ಲಬ್ಬಿನಿಂದ ಕೈತೊಳೆದುಕೊಂಡಿತು. ಜನವರಿಯಲ್ಲಿ ಛೆಟ್ರಿ, ಗುರ್‌ಪ್ರೀತ್ ಸಂಧು ಮೊದಲಾದ ಆಟಗಾರರು ವಿಡಿಯೊದಲ್ಲಿ ಕಾಣಿಸಿಕೊಂಡು ಫಿಫಾಗೆ ಮೊರೆಯಿಡುವಂತಾಯಿತು. ಕೊನೆಗೆ ಕೇಂದ್ರ ಕ್ರೀಡಾ ಸಚಿವರು ಮಧ್ಯೆ ಬಂದ ಮೇಲೆ 2026ರ ಫೆಬ್ರುವರಿ 14ಕ್ಕೆ ಹದಿನಾಲ್ಕು ತಂಡಗಳ, 91 ಪಂದ್ಯಗಳ ಮೊಟಕು ಲೀಗ್ ಶುರುವಾಯಿತು. ಆಟ ಶುರುವಾದ ಕೂಡಲೇ ನಮ್ಮ ದರ್ಶಿನಿ ಜಗಳವೂ ತಣ್ಣಗಾಯಿತು. ಹಾಗೆ ತಣ್ಣಗಾಗಿದ್ದು ನನಗೆ ಸರಿಕಾಣುವುದಿಲ್ಲ.

ಹೊರ ಬೆಂಗಳೂರಿನ ನಮಗೆ ಮಾಲೀಕರ ಕೈಯಲ್ಲಿ ತಂಡ ಕರಗುವುದು ಹೊಸದೇನೂ ಅಲ್ಲ. ನಾನು ಹುಟ್ಟಿ ಬೆಳೆದದ್ದು ಕೆ.ಆರ್. ಪುರದ ಪಕ್ಕದ ದೂರವಾಣಿನಗರದಲ್ಲಿ, ಐಟಿಐ ಕ್ವಾರ್ಟರ್ಸ್‌ನಲ್ಲಿ. 1948ರಲ್ಲಿ ಶುರುವಾದ ಆ ಕಾರ್ಖಾನೆ ದೇಶಕ್ಕೆಲ್ಲ ಟೆಲಿಫೋನ್ ಮಾಡಿ ಕಳಿಸುತ್ತಿತ್ತು. ನಮಗೆ ಫುಟ್‌ಬಾಲ್ ತಂಡವನ್ನೂ ಕೊಟ್ಟಿತ್ತು. ಐಟಿಐ, ಎಚ್‌ಎಎಲ್, ಬಿಇಎಲ್, ಎಲ್‌ಆರ್‌ಡಿಇ ಎಲ್ಲಕ್ಕೂ ತಂಡಗಳಿದ್ದವು. ಬೆಳಗ್ಗೆ ಅಪ್ಪನ ಪಕ್ಕದ ಬೆಂಚಿನಲ್ಲಿ ಕೂತು ರಿಸೀವರ್‌ಗೆ ತಂತಿ ಬೆಸೆದವರು ಮಧ್ಯಾಹ್ನ ಬೂಟು ಕಟ್ಟಿಕೊಂಡು ಮೈದಾನಕ್ಕೆ ಹೋಗುತ್ತಿದ್ದರು. ಸೋತ ಮರುದಿನ ಅವರಿಗೆ ಕ್ಯಾಂಟೀನಿನಲ್ಲಿ ಬೈಗುಳ ಕಾದಿರುತ್ತಿತ್ತು, ಬೈದವರೇ ಅವರ ಚಹಾದ ದುಡ್ಡನ್ನೂ ಕೊಡುತ್ತಿದ್ದರು. ಆಟಗಾರನಿಗೆ ಪಿಎಫ್ ಇತ್ತು, ಇಎಸ್‌ಐ ಇತ್ತು. ಮಂಡಿ ಹೋದರೂ ಕೆಲಸ ಉಳಿಯುತ್ತಿತ್ತು. ಆಟಗಾರನ ಬದುಕಿನ ಮಟ್ಟಿಗೆ ಅದಕ್ಕಿಂತ ಒಳ್ಳೆಯ ವ್ಯವಸ್ಥೆ ನಾನು ಈವರೆಗೆ ನೋಡಿಲ್ಲ.

ಆದರೆ ಆ ತಂಡದ ಉಸಿರು ಕಾರ್ಖಾನೆಯ ಲಾಭದಲ್ಲಿತ್ತು. 1991ರ ನಂತರ ಟೆಲಿಕಾಂ ಖಾಸಗಿಗೆ ತೆರೆದುಕೊಂಡು ಐಟಿಐ ನಷ್ಟಕ್ಕೆ ಬಿತ್ತು. ನೇಮಕಾತಿ ಕಡಿಮೆಯಾದ ಕಡೆ ಆಟಗಾರರ ನೇಮಕಾತಿ ಎಲ್ಲಿಂದ ಬರಬೇಕು? ಇದ್ದವರಿಗೆ ವಯಸ್ಸಾಯಿತು. ಎಚ್‌ಎಎಲ್ ತಂಡ ಹಟ ಹಿಡಿದು ರಾಷ್ಟ್ರಮಟ್ಟದ ಐ-ಲೀಗ್ ತನಕ ಹೋಯಿತು, 2010-11ರಲ್ಲಿ ಒಂದು ಋತು, ಮತ್ತೊಂದು ಋತು, 2012ಕ್ಕೆ ಕೆಳಗಿಳಿಯಿತು. ಆ ಹೊತ್ತಿಗೆ ದೇಶದಲ್ಲಿ ಖಾಸಗಿ ಕಂಪನಿಗಳ ತಂಡಗಳೂ ಮುಚ್ಚುತ್ತಿದ್ದವು: 2010ರಲ್ಲಿ ಮಹೀಂದ್ರ ಯುನೈಟೆಡ್, 2011ರಲ್ಲಿ ಪಂಜಾಬಿನ ಜೆಸಿಟಿ. ಮಾಲೀಕ ಸರ್ಕಾರವೇ ಆಗಿರಲಿ, ಗಿರಣಿಯೇ ಆಗಿರಲಿ, ತಂಡ ಅವರ ಖರ್ಚಿನ ಪಟ್ಟಿಯಲ್ಲಿ ಒಂದು ಸಾಲು. ಬಜೆಟ್ ಬಿಗಿಯಾದಾಗ ಹೊಡೆದುಹಾಕುವ ಮೊದಲ ಸಾಲೂ ಅದೇ.

ಜೆಎಸ್‌ಡಬ್ಲ್ಯೂ ಮಾಡಿದ್ದನ್ನು ನಾನು ಕಡೆಗಣಿಸುತ್ತಿಲ್ಲ. 2013ರಲ್ಲಿ ಶುರುವಾದ ಕ್ಲಬ್ಬು ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ನಮ್ಮದು. 2019ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ನಡೆದ ಐಎಸ್‌ಎಲ್ ಫೈನಲ್‌ನಲ್ಲಿ, ಹೆಚ್ಚುವರಿ ಸಮಯ ಇನ್ನೇನು ಮುಗಿಯಿತು ಎನ್ನುವಾಗ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲಿಗೆ ನಮ್ಮ ಬೀದಿಯ ಮನೆಗಳಲ್ಲಿ ಎದ್ದ ಸದ್ದು ಇನ್ನೂ ಕಿವಿಯಲ್ಲಿದೆ. ಬಳ್ಳಾರಿ ಸೀಮೆಯ ವಿಜಯನಗರದಲ್ಲಿ ಅವರು ಕಟ್ಟಿದ ಕ್ರೀಡಾ ಸಂಸ್ಥೆಯಲ್ಲಿ ಮಕ್ಕಳು ಆಟ ಕಲಿಯುತ್ತಿದ್ದಾರೆ. ಇದೆಲ್ಲ ನಿಜವಾದ ಕೆಲಸ, ಅದಕ್ಕೆ ಋಣಿ ನಾನು. ಆದರೂ ಒಬ್ಬ ಮಾಲೀಕರ ಒಳ್ಳೆಯ ಮನಸ್ಸಿನ ಮೇಲೆ ಒಂದು ಊರಿನ ಕ್ಲಬ್ಬನ್ನು ನಿಲ್ಲಿಸಿ ಕೂರಬಾರದು. ಹೈದರಾಬಾದ್ ಎಫ್‌ಸಿಯನ್ನೇ ನೋಡಿ. 2022ರಲ್ಲಿ ಐಎಸ್‌ಎಲ್ ಗೆದ್ದ ತಂಡ. ಸಂಬಳ ಬಾಕಿಯಾಗಿ ಆಟಗಾರರು ಬಿಟ್ಟುಹೋದರು, ಮಾಲೀಕರು ಬದಲಾದರು, 2025ರ ಅಕ್ಟೋಬರ್‌ನಲ್ಲಿ ತಂಡ ಹೆಸರು ಬದಲಿಸಿಕೊಂಡು ದೆಹಲಿಗೆ ಹೋಯಿತು. ಗಚ್ಚಿಬೌಲಿಯಲ್ಲಿ ಹಳದಿ ಅಂಗಿ ತೊಟ್ಟು ಕೂತವರಿಗೆ ಆ ನಿರ್ಧಾರದಲ್ಲಿ ಒಂದು ಮತವೂ ಇರಲಿಲ್ಲ.

ಕೋಲ್ಕತ್ತದಲ್ಲಿ ಬೇರೆಯದೇ ನಡೆಯಿತು. 2020ರಲ್ಲಿ ಮೋಹನ್ ಬಾಗಾನ್ ಫುಟ್‌ಬಾಲ್ ತಂಡದ ಶೇ 80ರಷ್ಟು ಪಾಲನ್ನು ಗೋಯೆಂಕಾ ಬಳಗ ಪಡೆದು, ಎಟಿಕೆ ಎಂಬ ಹೆಸರನ್ನು ಮುಂದೆ ಅಂಟಿಸಿತು. ಹಳೆಯ ಕ್ಲಬ್ಬು ಶೇ 20 ಉಳಿಸಿಕೊಂಡಿತ್ತು, ಅದಕ್ಕೆ ಸದಸ್ಯರಿದ್ದರು, ಚುನಾವಣೆಯಿತ್ತು. ಮೂರು ವರ್ಷ ಬೀದಿಯಲ್ಲೂ ಗ್ಯಾಲರಿಯಲ್ಲೂ ಗದ್ದಲವೆಬ್ಬಿಸಿ 2023ರಲ್ಲಿ ಆ ಹೆಸರನ್ನು ತೆಗೆಸಿದರು. ನಮ್ಮ ಬೆಂಗಳೂರಿನ ಕ್ವೆಸ್ ಕಂಪನಿ 2018ರಲ್ಲಿ ಈಸ್ಟ್ ಬೆಂಗಾಲ್‌ನ ಶೇ 70 ಕೊಂಡು 2020ಕ್ಕೆ ಹೊರಬಂತು. ಕಂಪನಿ ಹೋಯಿತು, ಕ್ಲಬ್ಬು ಉಳಿಯಿತು, ಕಾರಣ ಅದರ ಬೇರು ಸದಸ್ಯರಲ್ಲಿತ್ತು. ಜರ್ಮನಿಯಲ್ಲಿ ಕೆಲವು ಅಪವಾದಗಳನ್ನು ಬಿಟ್ಟರೆ ಕ್ಲಬ್ಬಿನ ಅರ್ಧಕ್ಕಿಂತ ಹೆಚ್ಚು ಮತಗಳು ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮವಿದೆ. ಇಂಗ್ಲೆಂಡಿನಲ್ಲಿ 2019ರಲ್ಲಿ ಬರಿ ಎಂಬ ಹಳೆಯ ಕ್ಲಬ್ಬು ದಿವಾಳಿಯಂಚಿಗೆ ಬಂದು ಲೀಗಿನಿಂದ ಹೊರಬಿದ್ದ ಮೇಲೆ ಎದ್ದ ಕೂಗು ನಿಂತದ್ದು 2025ರ ಜುಲೈನಲ್ಲಿ ಬಂದ ಕಾನೂನಿನಲ್ಲಿ. ಅದರ ಪ್ರಕಾರ ಲಾಂಛನ, ಅಂಗಿಯ ಬಣ್ಣ ಬದಲಿಸಲು ಅಭಿಮಾನಿಗಳನ್ನು ಕೇಳಬೇಕು. ಮೈದಾನ ಬದಲಿಸಲು ನಿಯಂತ್ರಕರ ಒಪ್ಪಿಗೆ ಬೇಕು. ಆ ಕಾನೂನು ಬಂದ ತಿಂಗಳಲ್ಲೇ ನಮ್ಮ ಲೀಗ್ ತಡೆಹಿಡಿಯಲ್ಪಟ್ಟಿತು.

"ನಾವೇನು ಕ್ಲಬ್ ಕೊಂಡ್ಕೊಳ್ಳೋಕೆ ಆಗುತ್ತಾ ಅಕ್ಕ?" ಎಂದು ಆ ಟೆಸ್ಟಿಂಗ್ ಹುಡುಗ ಕೇಳುತ್ತಾನೆ. ಆಗುವುದಿಲ್ಲ. ಕೋಟಿಗಟ್ಟಲೆ ಸಂಬಳದ ಹೊರೆ ನಮ್ಮ ಜೇಬಿಗೆ ಮೀರಿದ್ದು. ಮಾಲೀಕರು ಮಾಲೀಕರಾಗಿಯೇ ಇರಲಿ. ನಾನು ಕೇಳುವುದು ಸಣ್ಣದೊಂದು ಪಾಲು, ಆಡಳಿತ ಮಂಡಳಿಯಲ್ಲಿ ಒಂದು ಕುರ್ಚಿ, ಮತ್ತೆ ಹೆಸರು, ಬಣ್ಣ, ಊರು ಈ ಮೂರನ್ನು ನಮ್ಮ ಒಪ್ಪಿಗೆಯಿಲ್ಲದೆ ಮುಟ್ಟುವಂತಿಲ್ಲ ಎಂಬ ಬರಹ. ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿ 200ಕ್ಕಿಂತ ಹೆಚ್ಚು ಷೇರುದಾರರು ಇರುವಂತಿಲ್ಲ. ಹಾಗಾಗಿ ಸಾವಿರಾರು ಅಭಿಮಾನಿಗಳು ನೇರವಾಗಿ ಷೇರುದಾರರಾಗಲಾರರು. ನಮ್ಮೆಲ್ಲರ ಪರವಾಗಿ ಒಂದು ನೋಂದಾಯಿತ ಸಂಸ್ಥೆ ಆ ಪಾಲನ್ನು ಹಿಡಿಯಬೇಕು. ಯಾವ ಕಾಯ್ದೆಯಡಿ ನೋಂದಾಯಿಸಬೇಕೆಂದು ವಕೀಲರು ಹೇಳಲಿ.

ಕನ್ನಡ ನಾಡಿಗೆ ಈ ವಿದ್ಯೆ ಹೊರಗಿನಿಂದ ಬರಬೇಕಿಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲೇ ಸಹಕಾರ ಸಂಘ ಕಟ್ಟಿದರು. ಬೆಳಗ್ಗೆ ಡೇರಿಗೆ ಹಾಲು ಹಾಕುವ ಹೆಂಗಸರು ಸಂಘದ ಸದಸ್ಯರು. ಬೆಂಗಳೂರಿನ ಎಷ್ಟು ಬಡಾವಣೆಗಳು ಕಾರ್ಖಾನೆ ನೌಕರರ ಗೃಹನಿರ್ಮಾಣ ಸಂಘಗಳಿಂದ ಎದ್ದಿಲ್ಲ! ಷೇರು ಹಣ, ಸರ್ವಸದಸ್ಯರ ಸಭೆ, ಆಡಿಟ್ ವರದಿ, ಸಭೆಯಲ್ಲಿ ಎದ್ದುನಿಂತು "ಸ್ವಾಮಿ, ಈ ಬಾಬ್ತು ಏನು?" ಎಂದು ಕೇಳುವುದು ನಮ್ಮ ಅಪ್ಪಂದಿರಿಗೆ ಚೆನ್ನಾಗಿ ಗೊತ್ತಿತ್ತು. ಸಹಕಾರಿಗಳಲ್ಲೂ ಲೂಟಿ ನಡೆದಿದೆ ಎನ್ನುವವರಿದ್ದಾರೆ. ನಡೆದಿದೆ. 2020ರಲ್ಲಿ ಬಸವನಗುಡಿಯ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮುಂದೆ ಠೇವಣಿದಾರ ವೃದ್ಧರು ನಿಂತದ್ದನ್ನು ಈ ಊರು ಮರೆತಿಲ್ಲ. ಆದ್ದರಿಂದಲೇ ಪಾಲಿಗಿಂತ ಮೊದಲು ಲೆಕ್ಕ ಎನ್ನುತ್ತೇನೆ.

ಮುಂದಿನ ಋತುವಿನ ಟಿಕೆಟ್ ಮಾರುವ ಮುಂಚೆ ಕ್ಲಬ್ಬು ಒಂದು ಹಾಳೆಯನ್ನು ಕನ್ನಡದಲ್ಲಿ ಪ್ರಕಟಿಸಲಿ: ಆದಾಯ ಎಷ್ಟು, ಸಂಬಳಕ್ಕೆ ಎಷ್ಟು, ಕಿರಿಯರ ತಂಡಗಳಿಗೆ ಎಷ್ಟು, ಮಾಲೀಕರು ತುಂಬಿದ ಹಣ ಸಾಲವೋ ಬಂಡವಾಳವೋ, ಲೀಗ್ ಮತ್ತೆ ನಿಂತರೆ ಸಿಬ್ಬಂದಿಗೆ ಎಷ್ಟು ತಿಂಗಳ ಸಂಬಳ ಬೇರೆ ತೆಗೆದಿಟ್ಟಿದೆ. ಕೊನೆಯ ಪ್ರಶ್ನೆ ಆ ಸಿಎನ್‌ಸಿ ಹುಡುಗನದು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದೂ ಅದೇ. ಕ್ಲಬ್ಬು ಮಾಡದಿದ್ದರೆ ನಾವು ಕೈಕಟ್ಟಿ ಕೂರಬೇಕಿಲ್ಲ. ಯಾವುದೇ ಕಂಪನಿ ವರ್ಷಕ್ಕೊಮ್ಮೆ ಸಲ್ಲಿಸುವ ಲೆಕ್ಕಪತ್ರವನ್ನು ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ನೂರು ರೂಪಾಯಿ ಕಟ್ಟಿ ಯಾರು ಬೇಕಾದರೂ ನೋಡಬಹುದು. ಅದು ಇಂಗ್ಲಿಷಿನಲ್ಲಿರುತ್ತದೆ, ಪರಿಭಾಷೆ ತೊಡಕು, ಟಿಪ್ಪಣಿಗಳಲ್ಲಿ ಅಡಗಿದ್ದನ್ನು ಹುಡುಕಿ ತೆಗೆಯಬೇಕು. ವೆಸ್ಟ್ ಬ್ಲಾಕ್‌ನಲ್ಲಿ ಬಿ.ಕಾಂ. ಓದಿದವರು ಬೇಕಾದಷ್ಟು ಜನ ಇದ್ದೀರಿ. ಒಂದು ಭಾನುವಾರ ಕೂತು ಹಿಂದಿನ ಐದು ವರ್ಷದ ಲೆಕ್ಕವನ್ನು ಸಾಲು ಸಾಲಾಗಿ ಕನ್ನಡಕ್ಕಿಳಿಸೋಣ, ಪಂದ್ಯದ ದಿನ ಗೇಟಿನಲ್ಲಿ ಹಂಚೋಣ. ಪರಿಭಾಷೆಯ ಕೆಲಸ ನಾನು ನೋಡಿಕೊಳ್ಳುತ್ತೇನೆ.